ಬಂದವರಿಗೆ ಮೊದಲ ಗೋಲು

ಆ ಸಂಜೆ ನಮ್ಮವರು ಜಲಂಧರ್ ತಂಡದ ಸೆಂಟರ್ ಹಾಫನ್ನು ತಿಂದುಬಿಟ್ಟರು.

ಮಾಳಿಗೆಯ ಮೇಲೆ ದೊಡ್ಡ ತಾಟಿನಲ್ಲಿ ನಾನು ಹುರಿದ ಶೇಂಗಾ ಜೋಡಿಸಿಟ್ಟಿದ್ದೆ. ಎಂಟು ತಂಡಕ್ಕೆ ಎಂಟು ಸಾಲು, ಒಂದೊಂದು ಕಾಳಿಗೂ ಒಬ್ಬೊಬ್ಬ ಆಟಗಾರ್ತಿಯ ಹೆಸರು. ಯಾವ ತಂಡ ಯಾರನ್ನು ಎತ್ತಿಕೊಳ್ಳುತ್ತದೆ, ನಮ್ಮ ಹುಬ್ಬಳ್ಳಿ ಇಂಜಿನ್ಸ್ ತಂಡದ ಸರದಿ ಬರುವಷ್ಟರಲ್ಲಿ ತಾಟಿನಲ್ಲಿ ಯಾರು ಉಳಿದಿರುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ.

"ಅಯ್ಯ, ಅಕಿನ್ನ ಯಾಕ ತಿಂದ್ರಿ? ಮೂರನೇ ಸುತ್ತಿನಾಗ ಜಲಂಧರದವರು ಅಕಿನ್ನ ತಗೋಬೇಕಿತ್ತು!" ಎಂದೆ.

"ಸೊಲ್ಪ ಕಹಿ ಇದ್ಲು. ಹೋದ್ರ ಹೋಗ್ಲಿ ಬಿಡು," ಎಂದರು ನಮ್ಮ ಯಜಮಾನರು ರಾಚಪ್ಪನವರು, ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟು.

ನಾನು ಕಸ್ತೂರಿ ಗಾಣಿಗೇರ. ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅದು ಹೊಟ್ಟೆಪಾಡು, ಹುಚ್ಚು ಮಾತ್ರ ಹಾಕಿಯದು. ಮಹಿಳಾ ಲೀಗ್ ಶುರುವಾದಂದಿನಿಂದ ಇಂಜಿನ್ಸ್ ತಂಡದ ಒಂದು ಪಂದ್ಯವನ್ನೂ ತಪ್ಪಿಸಿಲ್ಲ, ಮತ್ತು ಒಂದು ಸಲವೂ ಕಪ್ ಕಂಡಿಲ್ಲ. ಪ್ರತಿ ವರ್ಷ ಹೊಸ ಆಟಗಾರ್ತಿಯರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ದಿನಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಅಭಿಮಾನಿಗಳು ಗಲಾಟೆ ಮಾಡಿ ಪಡೆದ ಹಕ್ಕಿನಂತೆ, ಪ್ರತಿ ತಂಡದ ಕಟ್ಟಕಡೆಯ ಆಯ್ಕೆ ಅಭಿಮಾನಿಗಳದ್ದು. ಈ ವರ್ಷ ನಮ್ಮ 'ಇಂಜಿನ್ ಬಳಗ' ವೋಟು ಹಾಕಿ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿತ್ತು. ಹಾಗಾಗಿ ನೆರಳುಮನೆ ಎಂಬ ತಂಡದ ಗುಟ್ಟಿನ ಕೋಣೆಗೂ ನನಗೆ ಪ್ರವೇಶ ಸಿಕ್ಕಿತು.

ನಮಗೆ ಬೇಕಾದದ್ದು ಗೋಲ್‌ಕೀಪರ್. ಹಿಂದಿನ ವರ್ಷ ಲೀಗಿನಲ್ಲೇ ಹೆಚ್ಚು ಗೋಲು ಬಿಟ್ಟುಕೊಟ್ಟವರು ನಾವು. ಆದರೆ ನಮ್ಮ ಬುದ್ಧಿವಂತ ಆಡಳಿತದವರು ಮೊಣಕಾಲು ಸವೆದ ಒಬ್ಬ ಪ್ರಸಿದ್ಧ ಫಾರ್ವರ್ಡ್‌ಗಾಗಿ ಈ ವರ್ಷದ ಮೊದಲ ಸುತ್ತಿನ ಸರದಿಯನ್ನೇ ಬೇರೆ ತಂಡಕ್ಕೆ ಬಿಟ್ಟುಕೊಟ್ಟಿದ್ದರು. ಒಳ್ಳೆಯ ಕೀಪರ್‌ಗಳೆಲ್ಲ ಮೊದಲ ಸುತ್ತಿನಲ್ಲೇ ಖಾಲಿ. ನಮಗೆ ಉಳಿಯುವುದು ತಾಟಿನ ತಳದ ಸುಟ್ಟ ಶೇಂಗಾ.

ಹಾಗಂತ ತಿಳಿದುಕೊಂಡಿದ್ದೆ, ಮರುದಿನ ನೆರಳುಮನೆಗೆ ಹೋಗುವ ತನಕ.

*

ನೆರಳಿನ ವಿಷಯ ಹೇಳಬೇಕು. ಒಬ್ಬಳು ಮುಂದೆ ಹೇಗೆ ಆಡುತ್ತಾಳೆ ಎಂಬುದನ್ನು ಅವಳಿಗಿಂತ ಮೊದಲೇ ಬೇರೆ ಯಾರಾದರೂ ಆಡಿ ತೋರಿಸಿದರೆ? ಇಷ್ಟೇ ಆ ಯಂತ್ರದ ಹಿಂದಿನ ಪ್ರಶ್ನೆ. ಮೈದಾನದ ಸುತ್ತ ಕಂಬಗಳ ಮೇಲೆ ಕ್ಯಾಮೆರಾ, ಆಟಗಾರ್ತಿಯ ಜರ್ಸಿಯ ಒಳಗೆ ನರಗಳ ಮಿಡಿತ ಹಿಡಿಯುವ ತೆಳ್ಳನೆಯ ಬನಿಯನ್. ಹತ್ತಾರು ಪಂದ್ಯ ಹೀಗೆ ಆಡಿದರೆ ಅವಳ ನಡೆ, ನೋಟ, ಹೆದರಿಕೆ, ಹಟ ಎಲ್ಲವನ್ನೂ ಕಲಿತ ಒಂದು ಗಣಕರೂಪ ತಯಾರಾಗುತ್ತದೆ. ಅದೇ ನೆರಳು. ಆ ನೆರಳನ್ನು ಗಾಜಿನ ನೆಲದ ಮೇಲೆ ಉಳಿದ ನೆರಳುಗಳ ಎದುರು ಸಾವಿರಾರು ಚಿಕ್ಕ ಪಂದ್ಯ ಆಡಿಸಿ, ಕೊನೆಗೆ ನೂರಕ್ಕೆ ಇಂತಿಷ್ಟು ಎಂದು ಅಂಕ ಕೊಡುತ್ತಾರೆ. ನೆರಳಂಕ ನಲವತ್ತಕ್ಕಿಂತ ಕೆಳಗಿದ್ದವಳನ್ನು ಯಾವ ತಂಡವೂ ಮುಟ್ಟುವುದಿಲ್ಲ.

ಇದು ಬಂದ ಮೇಲೆ ಮಕ್ಕಳು ಆಡುವ ರೀತಿಯೇ ಬದಲಾಯಿತು. ನೆಗಡಿ ಬಂದರೆ ತಾಯಂದಿರು ಆಟಕ್ಕೆ ಕಳಿಸುವುದಿಲ್ಲ, ನೆರಳು ಸೀನುವುದನ್ನು ಕಲಿತೀತು ಎಂದು. ಹೊಸ ಚಮತ್ಕಾರ ಮಾಡಲು ಹೋಗಿ ತಪ್ಪಿದರೆ ಆ ತಪ್ಪೂ ಲೆಕ್ಕಕ್ಕೆ ಸೇರುತ್ತದೆಂದು ಹುಡುಗಿಯರು ಅಂಜಿ ಅಂಜಿ ಪಾಸ್ ಕೊಡುತ್ತಾರೆ. ಕನ್ಯೆ ನೋಡಲು ಬಂದವರು ಕೂಡ ಚಹಾ ಕುಡಿಯುತ್ತ, "ನೆರಳು ಎಷ್ಟ ಬಂದೈತ್ರಿ?" ಎಂದು ಕೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಲೆಕ್ಕ ಕಲಿಸುವವಳು ನಾನು, ಲೆಕ್ಕವನ್ನು ಬೈಯಲಾರೆ. ಸಿಟ್ಟು ಬರುವುದು ಅದನ್ನು ದೇವರ ಮಾತೆಂದು ತಲೆಯ ಮೇಲೆ ಹೊತ್ತವರ ಮೇಲೆ.

ನೆರಳುಮನೆಯನ್ನು ನೋಡಿಕೊಳ್ಳುವವನು ಮೆಲ್ವಿನ್ ಲೋಬೊ, ಮಂಗಳೂರು ಕಡೆಯ ಹುಡುಗ. ತಣ್ಣನೆಯ ಆ ಕೋಣೆಯಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಕುಳಿತಿರುತ್ತಾನೆ. ಅವತ್ತು ನನ್ನನ್ನು ಕಂಡವನೇ ಕುರ್ಚಿ ಎಳೆದ.

"ಮೇಡಂ, ಒಮ್ಮೆ ಇಲ್ಲಿ ನೋಡಿ. ಇದು ಎಂಥದ್ದು ಅಂತ ನನಗೆ ಗೊತ್ತೇ ಆಗ್ತಾ ಇಲ್ಲ ಮಾರಾಯ್ರೆ."

ಗಾಜಿನ ನೆಲದ ಮೇಲೆ ಗೇಣುದ್ದದ ಒಬ್ಬ ಕೀಪರ್ ಗೋಲಿನ ಮುಂದೆ ನಿಂತಿದ್ದಳು. ಎದುರಿನವಳು ಚೆಂಡು ಹೊಡೆದಳು. ಕೀಪರ್ ಬಲಕ್ಕೆ ಬಿದ್ದಳು, ಅರ್ಧ ಹೆಜ್ಜೆ ತಡವಾಗಿ. ಗೋಲು. ಮುಂದಿನ ಹೊಡೆತ ತಡೆದಳು. ಅದರ ಮುಂದಿನದನ್ನೂ. ಆಮೇಲೆ ಒಂದೂ ಒಳಗೆ ಹೋಗಲಿಲ್ಲ. ಐದು ನಿಮಿಷದ ಪಂದ್ಯ ಮುಗಿಯಿತು, ಹೊಸದು ಶುರುವಾಯಿತು. ಮತ್ತೆ ಮೊದಲ ಹೊಡೆತ ಗೋಲು, ಮತ್ತೆ ಅದೇ ಅರ್ಧ ಹೆಜ್ಜೆ.

"ಪ್ರತಿ ಆಟದಲ್ಲಿ ಹೀಗೇ," ಎಂದ ಮೆಲ್ವಿನ್. "ಫಸ್ಟ್ ಶಾಟ್ ಬಿಡ್ತಾಳೆ, ಮತ್ತೆ ಗೋಡೆ. ಶೂಟ್‌ಔಟ್ ಆಡಿಸಿದ್ರೆ ಇನ್ನೂ ಕಷ್ಟ. ಅಲ್ಲಿ ಒಂದೊಂದು ಹೊಡೆತವೂ ಹೊಸ ಆಟ ಅಂತ ನೆರಳಿಗೆ ಕಾಣ್ತದೆ, ಐದಕ್ಕೆ ಐದೂ ಗೋಲು. ಅದಕ್ಕೇ ಅಂಕ ಮೂವತ್ತೊಂದು. ಆದ್ರೆ ಆ ಮೊದಲನೇದನ್ನು ತೆಗೆದು ಲೆಕ್ಕ ಮಾಡಿದ್ರೆ ತೊಂಬತ್ತು ದಾಟ್ತದೆ. ಇಡೀ ಪಟ್ಟಿಯಲ್ಲಿ ಇಂಥ ಕೀಪರ್ ಇಲ್ಲ. ಹೆಸರು ನೀಲವ್ವ ಭಜಂತ್ರಿ. ನಿಮ್ಮ ಊರಿನವಳೇ ಅಲ್ವಾ?"

ಆ ಅರ್ಧ ಹೆಜ್ಜೆ ಏನೆಂದು ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು.

"ಹೆದರ್ತಾಳೋ ಏನೋ, ಶುರುವಿನಲ್ಲಿ," ಎಂದ ಅವನು. "ಬೇರೆ ತಂಡದವರು ಅಂಕ ಮಾತ್ರ ನೋಡ್ತಾರೆ, ಇಷ್ಟು ಕೆಳಗಿನವರ ಆಟವನ್ನು ಬಿಡಿಸಿ ನೋಡುವುದಿಲ್ಲ. ನಿಮ್ಮ ಕೊನೆಯ ಆಯ್ಕೆಯಲ್ಲಿ ಸುಮ್ಮನೆ ಎತ್ತಿಕೊಳ್ಳಿ ಮೇಡಂ. ಯಾರಿಗೂ ಹೇಳಬೇಡಿ."

ಮನೆಗೆ ಬರುವ ದಾರಿಯಲ್ಲಿ ನಾನು ಹಾಡು ಗುನುಗುತ್ತಿದ್ದೆ. ಅಭಿಮಾನಿಯ ಸುಖವನ್ನು ಏನೆಂದು ಹೇಳಲಿ? ಏಳು ತಂಡದವರ ಕಣ್ಣಿಗೆ ಮಣ್ಣೆರಚಿ, ಕೊನೆಯ ಸರದಿಯಲ್ಲಿ ಲೀಗಿನ ಅತ್ಯುತ್ತಮ ಕೀಪರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವುದು! ಹಾಲು ತರುವುದನ್ನೂ ಮರೆತಿದ್ದೆ.

*

ರಾಚಪ್ಪನವರು ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ತಮ್ಮ ಕಾಲದಲ್ಲಿ ವರ್ಕ್‌ಶಾಪ್ ತಂಡದ ಗೋಲ್‌ಕೀಪರ್. ನಾನು ಕಂಡದ್ದನ್ನು ಹೇಳಿದಾಗ ಅವರು ನಗಲಿಲ್ಲ, ಚಹಾದ ಕಪ್ಪನ್ನು ಕೆಳಗಿಟ್ಟರು.

"ಅರ್ಧ ಹೆಜ್ಜಿ ತಡಾ? ಬಲಕ್ಕ ಬಿದ್ದು?"

"ಹೂಂ."

"ಛಲೋ ಕಲ್ತಾಳ ಹುಡುಗಿ. ನಾನs ಹೇಳಿಕೊಟ್ಟಿದ್ದು."

ಇಲ್ಲಿ ನಮ್ಮೂರಿನ ಒಂದು ಮಾತನ್ನು ನಿಮಗೆ ಹೇಳಬೇಕಾಗಿದೆ. ನೀವು ವರ್ಕ್‌ಶಾಪ್ ಮೈದಾನಕ್ಕೆ ಹಾಕಿ ಸ್ಟಿಕ್ ಹಿಡಿದು ಬರುವವರಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ. ಬರುವವರಾದರೆ ಇದನ್ನು ಓದಿ ಮರೆತುಬಿಡಿ. ಬಹಳ ಹಿಂದೆ ನಮ್ಮ ಕಾರಹುಣ್ಣಿಮೆ ಕಪ್ಪಿಗೆ ಮೀರಜ್, ಸೊಲ್ಲಾಪುರ, ಗುಂತಕಲ್ಲಿನಿಂದ ತಂಡಗಳು ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದವು. ಗಾಡಿ ತಡ, ಹೊಟ್ಟೆ ಖಾಲಿ, ನಿಲ್ದಾಣದಿಂದ ನೇರವಾಗಿ ಮೈದಾನಕ್ಕೆ. ಮನೆಗೆ ಬಂದವರ ಕೈಗೆ ಮೊದಲು ನೀರು ಬೆಲ್ಲ ಕೊಡುವುದಿಲ್ಲವೇ? ಹಾಗೆ ವರ್ಕ್‌ಶಾಪಿನ ಒಬ್ಬ ಕೀಪರ್ ಬಂದವರ ಮೊದಲ ಹೊಡೆತವನ್ನು ಒಳಗೆ ಬಿಟ್ಟ. ಆಮೇಲೆ ಅದೇ ಪದ್ಧತಿಯಾಯಿತು. ಆ ಮೈದಾನದಲ್ಲಿ ಬಂದವರಿಗೆ ಮೊದಲ ಗೋಲು. ಅಲ್ಲಿಂದ ಮುಂದೆ ನಿಜವಾದ ಆಟ.

ಆದರೆ ಒಂದು ಕಟ್ಟಳೆ. ಕೊಟ್ಟದ್ದು ಬಂದವರಿಗೆ ಯಾವತ್ತೂ ಗೊತ್ತಾಗಬಾರದು. ಕೀಪರ್ ಮನಸ್ಸಿಟ್ಟು ಜಿಗಿಯಬೇಕು, ಕೂದಲೆಳೆಯಲ್ಲಿ ತಪ್ಪಬೇಕು, ನೆಲಕ್ಕೆ ಗುದ್ದಬೇಕು. ನೋಡುವ ನಾವೆಲ್ಲ "ಏ, ಕಣ್ಣ ಕಾಣೂದಿಲ್ಲೇನ?" ಎಂದು ಬೈಯಬೇಕು. ಕೊಟ್ಟು ಹೇಳಿಕೊಂಡರೆ ಅದು ಕೊಟ್ಟಂತಲ್ಲ. ತಲೆಮಾರುಗಳಿಂದ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ನೀಲವ್ವ ಆಡಿದ್ದೆಲ್ಲ ಅದೇ ಮೈದಾನದಲ್ಲಿ. ಹೊರಗೂರಿಗೆ ಹೋದದ್ದು ಅಪರೂಪ, ಹೋದಲ್ಲಿ ನೆರಳಿನ ಕ್ಯಾಮೆರಾ ಇರಲಿಲ್ಲ. ಹಾಗಾಗಿ ಯಂತ್ರ ಅವಳಿಂದ ಕಲಿತದ್ದು ಮನೆಯಾಕೆಯ ಆಟವನ್ನು ಮಾತ್ರ. ಪಾಪ, ಆ ನೆರಳು ತಣ್ಣನೆಯ ಕೋಣೆಯಲ್ಲಿ ಸಾವಿರಾರು ಸಲ ಬಂದವರಿಗೆ ನೀರು ಬೆಲ್ಲ ಕೊಡುತ್ತಲೇ ಇತ್ತು.

"ಹಂಗಾದ್ರ ಸುಮ್ಮನಿರು," ಎಂದರು ನಮ್ಮವರು. "ಅಕಿ ನಮ್ಮ ತಂಡಕ್ಕ ಬರ್ತಾಳ. ಊರ ಮಾತು ಊರಾಗs ಉಳೀತದ. ಇದಕ್ಕಿಂತ ಛಲೋ ಮತ್ತೇನ ಬೇಕು?"

ನನಗೂ ಹಾಗೇ ಅನ್ನಿಸಿತು.

*

ನೀಲವ್ವನ ತಾಯಿ ಸಾವಂತ್ರೆವ್ವ ಮೈದಾನದ ಗೇಟಿನ ಹತ್ತಿರ ಗಿರ್ಮಿಟ್ ಗಾಡಿ ಇಟ್ಟಿದ್ದಾಳೆ. ಭಾನುವಾರ ಅಲ್ಲಿಗೆ ಹೋದಾಗ ತಾಯಿ ಮಿರ್ಚಿ ಕರಿಯುತ್ತಿದ್ದಳು, ಮಗಳು ಚುರುಮುರಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಎತ್ತರದ ಹುಡುಗಿ, ಅಗಲವಾದ ಅಂಗೈ. ಪಿಯುದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಲೆಕ್ಕದಲ್ಲಿ ಅಷ್ಟಕ್ಕಷ್ಟೇ.

"ಅಕ್ಕಾರ, ಬರ್ರಿ," ಎಂದಳು. ಉಳ್ಳಾಗಡ್ಡಿಯಿಂದ ತಲೆ ಎತ್ತದೆಯೇ ಕೇಳಿದಳು. "ನೀವು ನೆರಳುಮನಿಗೆ ಹೋಗಿದ್ರಂತಲ್ಲ. ನನ್ನ ನೆರಳು ನೋಡಿದ್ರೇನ್ರಿ?"

"ನೋಡಿದೆ."

"ಹೆಂಗ ಆಡ್ತೈತ್ರಿ?"

"ನೀ ಆಡಿದಂಗs ಆಡ್ತೈತಿ," ಎಂದೆ.

ಅವಳು ಚಾಕು ನಿಲ್ಲಿಸಿದಳು. ಹುಡುಗಿ ಲೆಕ್ಕದಲ್ಲಿ ಹಿಂದಿದ್ದರೂ ಇದನ್ನು ಬಿಡಿಸಲು ಅವಳಿಗೆ ತಡವಾಗಲಿಲ್ಲ.

"ಮೊದಲನೇದು ಬಿಡ್ತೈತಿ ಹೌದಲ್ರಿ?" ಎಂದಳು. "ನಂಗ ಅನಸಿತ್ತು. ಮೂವತ್ತೊಂದು ಅಂದಾಗs ಅನಸಿತ್ತು."

"ಮತ್ತ ಯಾಕ ಯಾರಿಗೂ ಹೇಳಲಿಲ್ಲ?"

"ಏನಂತ ಹೇಳ್ಲೆರಿ? ಬಂದವರಿಗೆ ಬಿಟ್ಟಕೊಟ್ಟಿದ್ದೆ ಅಂತ? ಸೊಲ್ಲಾಪುರದ ಮುದುಕರು ಇನ್ನಾ ಇಲ್ಲಿ ತಾವು ಹೊಡದ ಮೊದಲ ಗೋಲಿನ ಸುದ್ದಿ ಮೊಮ್ಮಕ್ಕಳಿಗೆ ಹೇಳ್ತಾರಂತ." ಅವಳು ಮತ್ತೆ ಹೆಚ್ಚತೊಡಗಿದಳು. "ಇದs ಕಡೀ ವರ್ಷ ಅಕ್ಕಾರ. ವಯಸ್ಸು ದಾಟ್ತೈತಿ, ಇನ್ನ ಡ್ರಾಫ್ಟಿಗೆ ಹೆಸರು ಹಾಕಾಕ ಬರಂಗಿಲ್ಲ."

ನಾನು ಸಂತೋಷದಿಂದ ಗುಟ್ಟು ಹೇಳಿದೆ, ಕೊನೆಯ ಆಯ್ಕೆಯಲ್ಲಿ ಅವಳನ್ನು ನಾನೇ ತೆಗೆದುಕೊಳ್ಳುತ್ತೇನೆಂದು. ಅವಳ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಸಾವಂತ್ರೆವ್ವ ಮಾತ್ರ ಎಣ್ಣೆಗೈ ಒರೆಸಿಕೊಂಡು ಕೈ ಮುಗಿದಳು. ಮಗಳು ಕೇಳಿದ್ದು ಒಂದೇ ಮಾತು:

"ಆಡಸ್ತಾರೇನ್ರಿ?"

ಅದನ್ನೇ ಮರುದಿನ ಮೆಲ್ವಿನ್‌ನನ್ನು ಕೇಳಿದೆ. ಅವನು ಸ್ವೆಟರಿನ ತೋಳು ಎಳೆದುಕೊಳ್ಳುತ್ತ ನಿಜ ಹೇಳಿದ. ಹನ್ನೊಂದು ಜನರನ್ನು ಕಣಕ್ಕಿಳಿಸುವುದೂ ನೆರಳಂಕ ನೋಡಿಯೇ. ಮೂವತ್ತೊಂದು ಅಂಕದವಳನ್ನು ನಿಲ್ಲಿಸಿ ಸೋತರೆ ಕೋಚ್ ಕೆಲಸಕ್ಕೇ ಸಂಚಕಾರ. ಹೊಸ ನೆರಳು ಹೆಣೆಯಬೇಕಾದರೆ ಅವಳು ಲೀಗ್ ಪಂದ್ಯ ಆಡಬೇಕು; ಆಡಬೇಕಾದರೆ ಅಂಕ ಬೇಕು. ಕೊನೆಯ ಸುತ್ತಿನವರು ಐದು ವರ್ಷ ಬೇರೆ ತಂಡಕ್ಕೆ ಹೋಗುವಂತೆಯೂ ಇಲ್ಲ.

"ಅಂದ್ರ ಅಕಿ ಬೆಂಚಿನ ಮ್ಯಾಲೆ ಕುಂತು ಮುದುಕಿ ಆಗ್ತಾಳ," ಎಂದೆ.

"ಹಾಗೆ ಹೇಳಿದ್ರೆ ಹಾಗೇ ಮೇಡಂ," ಎಂದ ಅವನು ಸಣ್ಣ ದನಿಯಲ್ಲಿ. "ಆದ್ರೆ ಬೇರೆಯವರಿಗೂ ಸಿಗುವುದಿಲ್ಲ ಅಲ್ವಾ."

ಆ ಮಾತು ನನ್ನದೇ ಮನಸ್ಸಿನಲ್ಲಿ ಎಲ್ಲೋ ಇತ್ತು. ಬೇರೆಯವನ ಬಾಯಲ್ಲಿ ಕೇಳಿದಾಗ ಹೇಸಿಗೆಯಾಯಿತು. ತಾನೂ ತಿನ್ನದೆ, ತಿನ್ನುವ ಎತ್ತಿಗೂ ಬಿಡದೆ ಹುಲ್ಲಿನ ಮೇಲೆ ಮಲಗುವ ನಾಯಿಯ ಸಾಲಿಗೆ ಸೇರಲು ನಾನು ಶೇಂಗಾ ಜೋಡಿಸುತ್ತ ಕುಳಿತಿದ್ದೆನೇ?

*

ಲೀಗಿನ ನಿಯಮದ ಪುಸ್ತಕದಲ್ಲಿ ಯಾರೂ ಬಳಸದ ಒಂದು ನಿಯಮವಿದೆ. ಅಭಿಮಾನಿ ಪ್ರತಿನಿಧಿ ತನ್ನ ಆಯ್ಕೆಯನ್ನು ಬಿಟ್ಟುಕೊಟ್ಟು, ಅದರ ಬದಲು ಯಾವುದೇ ಒಂದು ನೆರಳಿಗೆ ಸವಾಲು ಹಾಕಬಹುದು. ಡ್ರಾಫ್ಟ್ ಆರಂಭವಾಗುವ ಮೊದಲು ಎಲ್ಲ ತಂಡಗಳ ಎದುರು ಆ ಆಟಗಾರ್ತಿಗೆ ಐದು ಹೊಡೆತದ ಶೂಟ್‌ಔಟ್; ಕೀಪರ್ ಆದರೆ ಬೇರೆ ಬೇರೆ ತಂಡದ ಐದು ಹುಡುಗಿಯರು ಒಬ್ಬೊಬ್ಬರಾಗಿ ಚೆಂಡು ತಂದು ಹೊಡೆಯುತ್ತಾರೆ. ನೆರಳು ಹೇಳಿದ್ದಕ್ಕೂ ಕಣ್ಣೆದುರು ಆದದ್ದಕ್ಕೂ ಅಜಗಜಾಂತರವಿದ್ದರೆ ಅಂಕವೇ ರದ್ದು. ಯಾಕೆ ಎಂದು ಯಾರೂ ಕಾರಣ ಕೇಳುವಂತಿಲ್ಲ. ನನಗೆ ಬೇಕಾದದ್ದು ಇದೇ. ಊರ ಮಾತು ಹೊರಗೆ ಬರುವುದಿಲ್ಲ, ಹುಡುಗಿಯ ಹಣೆಬರಹದಿಂದ ಮೂವತ್ತೊಂದು ಅಳಿಸುತ್ತದೆ. ಹೋಗುವುದು ನಮ್ಮ ತಂಡದ ಅದೃಷ್ಟ. ಏಳು ತಂಡಗಳ ಕಣ್ಣೆದುರು ಅವಳು ಆಡಿ ತೋರಿಸಿದ ಮೇಲೆ, ಮೊದಲ ಸುತ್ತಿನಲ್ಲಿ ಸರದಿಯೇ ಇಲ್ಲದ ನಮಗೆ ಅವಳು ಸಿಗುವ ಮಾತೇ ಇಲ್ಲ.

ಮಾಳಿಗೆಯ ಮೇಲೆ ಇದನ್ನು ಹೇಳಿದಾಗ ಇಂಜಿನ್ ಬಳಗದವರು ನನ್ನನ್ನು ಹರಿದು ತಿನ್ನುವುದೊಂದು ಬಾಕಿ. "ನಮ್ಮ ವೋಟು ತಗೊಂಡು ಜಲಂಧರಕ್ಕ ಕೀಪರ್ ಹುಡುಕಿಕೊಡ್ತೀರೇನ್ರಿ?" ಎಂದರು. ಅವರ ಮಾತು ತಪ್ಪಲ್ಲ. ಆದರೂ ಪಟ್ಟು ಬಿಡಲಿಲ್ಲ.

"ವೋಟು ವಾಪಸ್ ತಗೋರಿ ಬೇಕಾದ್ರ," ಎಂದೆ. "ತಗೊಳ್ಳೂತನಕ ಕುರ್ಚಿ ನಂದು."

ಎಲ್ಲರೂ ಇಳಿದುಹೋದ ಮೇಲೆ ರಾಚಪ್ಪನವರು ಮೂಲೆಯಲ್ಲಿ ಕುಳಿತೇ ಇದ್ದರು. ಅವರ ಸಿಟ್ಟು ಬೇರೆಯದು.

"ಈ ಸಲ ಡ್ರಾಫ್ಟ್ ಎಲ್ಲೈತಿ ಗೊತ್ತೈತೇನ ನಿನಗ?"

"ಹುಬ್ಬಳ್ಳ್ಯಾಗ. ವರ್ಕ್‌ಶಾಪ್ ಮೈದಾನ—" ಎಂದವಳು ಅಲ್ಲೇ ನಿಂತೆ.

"ಅಕಿ ಆ ಗೋಲಿನಾಗ ನಿಂದರ್ತಾಳ. ಹೊಡ್ಯಾಕ ಬರೋರು ಹೊರಗಿನವರು. ಮೊದಲನೇ ಹೊಡತ ತಡೀತಾಳೇನ ಅಕಿ? ಏನ್ ಲೆಕ್ಕಾ ಹಾಕಿದಿ ಕಸ್ತೂರಿ ನೀನು?"

ಸಂಖ್ಯಾಶಾಸ್ತ್ರದ ಅಕ್ಕೋರಿಗೆ ಆ ಒಂದು ಸಂಖ್ಯೆ ಹೊಳೆದಿರಲಿಲ್ಲ. ನೀಲವ್ವನನ್ನು ಕೇಳಿದರೆ ಅವಳು ಕಣ್ಣು ತುಂಬಿಕೊಂಡು ಹೇಳಿದಳು. "ತಡೀಬೇಕು ಅಂತೀನ್ರಿ. ಆದ್ರ ಆ ಮೈದಾನದಾಗ ಬಂದವರ ಮೊದಲನೇ ಚೆಂಡಿಗೆ ನನ್ನ ಕೈ ಏಳಂಗಿಲ್ಲ ಅಕ್ಕಾರ. ಸಣ್ಣಾಕಿದ್ದಾಗಿಂದ ಹಂಗs ಬಂದೈತಿ. ಐದೂ ಹುಡುಗ್ಯಾರು ಬ್ಯಾರೆ ಬ್ಯಾರೆ ಊರಿನವರು. ಅಂದ್ರ ಐದೂ ಮೊದಲನೇದs."

ಯಂತ್ರ ತಪ್ಪು ಹೇಳಿರಲಿಲ್ಲ ಎಂದಾಯಿತು. ಆ ಗೋಲಿನ ಮುಂದೆ ನಿಂತರೆ ಹುಡುಗಿಯೂ ನೆರಳಿನಂತೆಯೇ ಆಡುವವಳು. ಆದರೆ ಸವಾಲಿನ ಅರ್ಜಿ ಹೋಗಿಯಾಗಿತ್ತು, ಅದನ್ನು ಹಿಂದೆ ಪಡೆಯುವ ಯೋಚನೆ ನನಗೆ ಬರಲೂ ಇಲ್ಲ. ಲೀಗಿನಲ್ಲಿ ಆಡಬೇಕೆಂದರೆ ಎಂದೋ ಒಂದು ದಿನ ಅವಳು ಅಲ್ಲಿ ನಿಂತು ಆ ಹೊಡೆತವನ್ನು ತಡೆಯಲೇಬೇಕಿತ್ತು.

*

ಡ್ರಾಫ್ಟಿನ ದಿನ ಬೆಳಿಗ್ಗೆ ರಾಚಪ್ಪನವರು ಮನೆಯಲ್ಲಿರಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಎಲ್ಲಿಗಾದರೂ ಹೋಗಿರಬೇಕು ಅಂದುಕೊಂಡು ಒಬ್ಬಳೇ ಮೈದಾನಕ್ಕೆ ಹೋದೆ.

ಗೇಟಿನ ಹತ್ತಿರ ಗಿರ್ಮಿಟ್ ಗಾಡಿಯ ಮಗ್ಗುಲಲ್ಲಿ ನೀಲವ್ವ ಪ್ಯಾಡು, ಎದೆಗವಚ ಕಟ್ಟಿಕೊಂಡು ನಿಂತಿದ್ದಳು. ಅವಳ ಎದುರು ನಮ್ಮವರು ಒಂದು ಕೈಚೀಲ ಹಿಡಿದು ನಿಂತಿದ್ದರು. ನನ್ನನ್ನು ಕಂಡು, "ಬಂದೇನ? ಇದನ್ನ ಹೆಣ್ಮಕ್ಕಳs ಮಾಡಬೇಕು, ಅದಕ್ಕ ನಿಂತೀನಿ," ಎಂದು ಚೀಲವನ್ನು ನನಗೆ ಕೊಟ್ಟರು. ಒಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಉತ್ತತ್ತಿ, ಎಲೆ ಅಡಿಕೆ, ಒಂದು ಗುಳೇದಗುಡ್ಡದ ಖಣ.

"ಸಾವಂತ್ರೆವ್ವ," ಎಂದರು ರಾಚಪ್ಪನವರು, "ಮಗಳ ಉಡಿ ತುಂಬವಾ. ಉಡಿ ತುಂಬಿಸಿಕೊಂಡು ಹೋದ ಮಗಳು ತಿರಿಗಿ ಬಂದ್ರ ಏನಾಗಿ ಬರ್ತಾಳ?"

ಸಾವಂತ್ರೆವ್ವ ಒಂದು ಕ್ಷಣ ಅವರನ್ನು ನೋಡಿದಳು. "ಬಂದಾಕಿ ಆಗಿ ಬರ್ತಾಳ್ರಿ," ಎಂದಳು.

ನನಗೆ ಆಗ ಅರ್ಥವಾಯಿತು. ತವರಿನಿಂದ ಉಡಿ ತುಂಬಿ ಕಳಿಸಿದ ಮಗಳು ಮರುದಿನವೇ ಅದೇ ಹೊಸ್ತಿಲಿಗೆ ಬಂದರೂ ಅವಳಿಗೆ ನೀರು ಬೆಲ್ಲ ಕೊಡುತ್ತೇವೆ. ಅವಳು ಆ ಮನೆಯಲ್ಲಿ ಬಂದವರಿಗೆ ಕೊಡುವವಳಲ್ಲ, ತಾನೇ ಬಂದವಳು.

ಪ್ಯಾಡಿನ ಮೇಲೆ ಸೆರಗು ಎಲ್ಲಿಂದ ಬರಬೇಕು? ಮಿರ್ಚಿ ಬುಟ್ಟಿಗೆ ಮುಚ್ಚಿದ್ದ ತೊಳೆದ ಟವೆಲನ್ನೇ ಅವಳ ನಡುವಿಗೆ ಕಟ್ಟಿ, ತಾಯಿ ಉಡಿಗೆ ಅಕ್ಕಿ ಹಾಕಿದಳು, ಆಮೇಲೆ ನಾನು ಹಾಕಿದೆ. ಮದುವೆಯಾಗದ ಹುಡುಗಿಗೆ, ಮೈದಾನದ ಗೇಟಿನಲ್ಲಿ ಹೀಗೆ ಮಾಡಬಹುದೇ ಎಂದು ಶಾಸ್ತ್ರ ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಸಾವಂತ್ರೆವ್ವ ಅಳುತ್ತಿದ್ದಳು. ನೀಲವ್ವ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು, ದಪ್ಪ ಕೈಗವಸಿನಲ್ಲೇ ಉಡಿ ಹಿಡಿದುಕೊಂಡು ಗೇಟಿನಿಂದ ಹೊರಗೆ ರಸ್ತೆಗೆ ಹೋದಳು. ಅಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಉಡಿಯನ್ನು ತಾಯಿಯ ಕೈಗೆ ಕೊಟ್ಟು, ಮತ್ತೆ ಒಳಗೆ ಬರುವಾಗ ರಾಚಪ್ಪನವರು ಗಾಡಿಯ ಮೇಲಿದ್ದ ನೀರಿನ ಚೊಂಬು ಮತ್ತು ಬೆಲ್ಲದ ಚೂರನ್ನು ಅವಳ ಮುಂದೆ ಹಿಡಿದರು.

"ಬಾರವ್ವಾ," ಎಂದರು. "ದೂರಿಂದ ಬಂದಿ."

ಅವಳು ಬೆಲ್ಲ ಬಾಯಿಗೆ ಹಾಕಿಕೊಂಡು ಮೈದಾನಕ್ಕೆ ನಡೆದಳು.

ಎಂಟು ತಂಡದ ಕೋಚುಗಳು, ಕ್ಯಾಮೆರಾದವರು, ಸಿಟ್ಟಿನ ಮುಖದ ಇಂಜಿನ್ ಬಳಗ ಎಲ್ಲ ಕುಳಿತಿದ್ದರು. ದೊಡ್ಡ ಪರದೆಯ ಮೇಲೆ ಮೆಲ್ವಿನ್ ನೆರಳಿನ ಭವಿಷ್ಯ ಹಾಕಿದ: ಐದು ಹೊಡೆತ, ಐದು ಗೋಲು. ಕೆಲವರು ನಕ್ಕರು. ಜಲಂಧರಿನ ಹುಡುಗಿ ಚೆಂಡಿನೊಂದಿಗೆ ಓಡಿ ಬಂದಳು. ಎಡಕ್ಕೆ ತೋರಿಸಿ ಬಲಕ್ಕೆ ಹೊಡೆದಳು. ನಾನು ನೋಡುತ್ತಿದ್ದದ್ದು ಚೆಂಡನ್ನಲ್ಲ, ನೀಲವ್ವನ ಆ ಅರ್ಧ ಹೆಜ್ಜೆಯನ್ನು.

ಈ ಸಲ ಹೆಜ್ಜೆ ತಡವಾಗಲಿಲ್ಲ. ಚೆಂಡು ಅವಳ ಪ್ಯಾಡಿಗೆ ಬಡಿದು ಗೆರೆಯಾಚೆ ಹೋಯಿತು.

ಹೊರಗಿನವರಿಗೆ ಅದು ಬರೀ ಒಂದು ತಡೆ. ಆದರೆ ನಮ್ಮೂರಿನವರು, ಅಲ್ಲಿಯ ತನಕ ನನ್ನನ್ನು ಬೈಯುತ್ತಿದ್ದವರು, ಒಬ್ಬೊಬ್ಬರಾಗಿ ಎದ್ದು ನಿಂತರು. ಆ ಗೋಲಿನಲ್ಲಿ ನಮ್ಮೂರಿನ ಕೀಪರ್ ಬಂದವರ ಮೊದಲ ಚೆಂಡನ್ನು ತಡೆದದ್ದನ್ನು ಅವರು ಹುಟ್ಟಿದಂದಿನಿಂದ ಕಂಡಿರಲಿಲ್ಲ.

ಎರಡನೆಯದನ್ನು ಕಾಲಿನಿಂದ ತಡೆದಳು, ಮೂರನೆಯದನ್ನು ಗಾಳಿಯಲ್ಲಿ ಕೈಯಿಂದ. ರಾಂಚಿಯ ಹುಡುಗಿ ಮಾತ್ರ ನಾಲ್ಕನೆಯದನ್ನು ಅವಳ ತಲೆಯ ಮೇಲಿನಿಂದ ದಾಟಿಸಿದಳು. ಅದು ಕೊಟ್ಟದ್ದಲ್ಲ, ಹೊಡೆದದ್ದು. ನೀಲವ್ವ ಸಿಟ್ಟಿನಿಂದ ಸ್ಟಿಕ್ಕನ್ನು ನೆಲಕ್ಕೆ ಕುಟ್ಟಿದಳು. ಐದನೆಯದಕ್ಕೆ ಅವಳು ಗೋಲು ಬಿಟ್ಟು ಮುಂದೆ ನುಗ್ಗಿ ಬಂದಾಗ ಹೊಡೆಯುವವಳೇ ಗಾಬರಿಯಾಗಿ ಚೆಂಡು ಕಳೆದುಕೊಂಡಳು.

ಪರದೆಯ ಮೇಲಿನ ಮೂವತ್ತೊಂದು ಅಳಿಸಿಹೋಯಿತು. ಮೆಲ್ವಿನ್ ನನ್ನ ಹತ್ತಿರ ಬಂದ.

"ಮೇಡಂ, ಫಸ್ಟ್ ಶಾಟಿಗೆ ಅವಳಿಗೆ ಎಂಥ ಆಯ್ತು ಇವತ್ತು? ನೆರಳಿಗೆ ಗೊತ್ತಿಲ್ಲದ್ದು ಅವಳಿಗೆ ಎಂಥ ಗೊತ್ತಾಯ್ತು?"

"ಬೆಲ್ಲಾ ತಿಂದಾಳ," ಎಂದೆ. ಅವನು ನಂಬಲಿಲ್ಲ.

ಮೊದಲ ಸುತ್ತು, ಮೊದಲ ಸರದಿ ಜಲಂಧರದ್ದು. ಅವರ ಕೋಚ್ ಎದ್ದು ನೀಲವ್ವ ಭಜಂತ್ರಿ ಎಂದು ಹೆಸರು ಓದಿದರು, ನಾಲಿಗೆ ಹೊರಳದೆ ಎರಡು ಸಲ ತಪ್ಪಿ. ಸರಿಯಾದ ತಂಡ ಸರಿಯಾದ ಆಯ್ಕೆ ಮಾಡಿತ್ತು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಕಟ್ಟಕಡೆಯ ಸುತ್ತಿನಲ್ಲಿ ಅಭಿಮಾನಿ ಆಯ್ಕೆಯ ಹೊತ್ತು ಬಂದಾಗ ನಾನು ಖಾಲಿ ಕೈಯಲ್ಲಿ ಕುಳಿತಿದ್ದೆ. ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

*

ಮಳೆಗಾಲ ಕಳೆದ ಮೇಲೆ ಲೀಗ್ ಶುರುವಾಯಿತು. ಜಲಂಧರ್ ತಂಡ ಹುಬ್ಬಳ್ಳಿಗೆ ಬಂದ ದಿನ ಮೈದಾನ ಕಿಕ್ಕಿರಿದಿತ್ತು. ಒಂದು ಗೋಲಿನಲ್ಲಿ ಎರಡನೆಯ ಸುತ್ತಿನಲ್ಲಿ ನಾವು ಹೇಗೋ ಹಿಡಿದು ತಂದ ಮಣಿಪುರದ ಹುಡುಗಿ, ಇನ್ನೊಂದು ಗೋಲಿನಲ್ಲಿ ಕೇಸರಿ ಜರ್ಸಿಯ ನೀಲವ್ವ. ಗೇಟಿನಲ್ಲಿ ಸಾವಂತ್ರೆವ್ವ ಎರಡೂ ತಂಡದವರಿಗೆ ಮಿರ್ಚಿ ಕೊಡುತ್ತಿದ್ದಳು. ನಾನು ಇಂಜಿನ್ಸ್ ಬಾವುಟ ಹಿಡಿದು ಗಂಟಲು ಹರಿಯುವಂತೆ ಕೂಗಿದೆ. ಅಭಿಮಾನ ಬೇರೆ, ಮಮತೆ ಬೇರೆ.

ಶುರುವಾದ ಸ್ವಲ್ಪ ಹೊತ್ತಿಗೆ ಜಲಂಧರಿನವರು ಮೊದಲ ಸಲ ನಮ್ಮ ಗೋಲಿಗೆ ಹೊಡೆದರು. ನಮ್ಮ ಮಣಿಪುರದ ಹುಡುಗಿ ಬಲಕ್ಕೆ ಜಿಗಿದಳು, ತಪ್ಪಿದಳು, ಗೋಲಾಯಿತು. ಪಾಪ, ಅವಳಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ, ನಿಜವಾಗಿಯೇ ತಪ್ಪಿದ್ದಳು.

"ಏ, ಕಣ್ಣ ಕಾಣೂದಿಲ್ಲೇನ?" ಎಂದು ಇಡೀ ಮೈದಾನ ರೂಢಿಯಂತೆ ಬೈದಿತು. ದೂರದ ಗೋಲಿನಲ್ಲಿ ನೀಲವ್ವ ಹೆಲ್ಮೆಟ್ ಒಳಗೆ ನಗುತ್ತಿದ್ದಾಳೆಂದು ನನಗೆ ಇಲ್ಲಿಂದಲೇ ಗೊತ್ತಾಯಿತು.

ಆಮೇಲೆ ಕೊನೆಯತನಕ ಇಂಜಿನ್ಸ್ ಹುಡುಗಿಯರು ಹೊಡೆದರು. ದೂರದಿಂದ, ಹತ್ತಿರದಿಂದ, ಪೆನಾಲ್ಟಿ ಕಾರ್ನರಿನಿಂದ. ಒಂದನ್ನೂ ನೀಲವ್ವ ಒಳಗೆ ಬಿಡಲಿಲ್ಲ. ಪಂದ್ಯ ಮುಗಿದಾಗ ಒಂದು–ಸೊನ್ನೆ. ಬಳಗದವರು ನನ್ನ ಕಡೆ ನೋಡಲೂ ಇಲ್ಲ.

"ನೋಡು," ಎಂದರು ರಾಚಪ್ಪನವರು ಶೇಂಗಾ ಬಿಡಿಸುತ್ತ. "ಬಂದವರಿಗೆ ಮೊದಲ ಗೋಲು ಕೊಟ್ಟೇವಿ. ಪದ್ಧತಿ ತಪ್ಪಿಲ್ಲ."

"ಎರಡನೇದು ನಾವು ಹೊಡೀಬೇಕಿತ್ತು," ಎಂದೆ. ಕಣ್ಣಲ್ಲಿ ನೀರು ಬಂದಿತ್ತು, ಸೋತದ್ದಕ್ಕೋ ಗೆದ್ದದ್ದಕ್ಕೋ ಕೇಳಬೇಡಿ.

ನೀಲವ್ವ ಪ್ಯಾಡಿನಲ್ಲೇ ಓಡುತ್ತ ನಮ್ಮ ಸ್ಟ್ಯಾಂಡಿನ ಕೆಳಗೆ ಬಂದು ನಿಂತಳು.

"ಅಕ್ಕಾರ, ಬರೂ ವರ್ಷದ ಡ್ರಾಫ್ಟಿಗೆ ಯಾರನ್ನ ನೋಡೀರಿ?"

"ನಿನಗ ಗೋಲ್ ಹೊಡಿಯಾಕಿನ್ನ ಹುಡುಕಾಕತ್ತೀನಿ," ಎಂದೆ.

ನಮ್ಮವರ ಕೈಯಿಂದ ಶೇಂಗಾ ಕಸಿದುಕೊಂಡು ಮಡಿಲಲ್ಲಿ ಹೊಸ ಸಾಲು ಜೋಡಿಸತೊಡಗಿದೆ.